ದುಃಖದ ಕವಿತೆಯಲ್ಲಿ ಭರವಸೆ ಎಲ್ಲಿ ಕೂತಿರುತ್ತದೆ?

ಯುಗಾದಿ ಬಂತೆಂದರೆ ಒಂದು ಹಾಡು ಎಲ್ಲ ಕಡೆ ಕೇಳಿಸುತ್ತದೆ. ‘ಯುಗ ಯುಗಾದಿ ಕಳೆದರೂ ಯುಗಾದಿ ಮರಳಿ ಬರುತಿದೆ.’ ಬೇಂದ್ರೆಯವರ ಕವಿತೆ. ಹೊಸ ವರ್ಷ, ಹೊಸ ಹರುಷ ಅಂತ ನಾವೆಲ್ಲ ಗುನುಗುತ್ತೇವೆ. ಶುಭಾಶಯ ಕಳಿಸುವಾಗ ಇದೇ ಸಾಲನ್ನು ಹಾಕುತ್ತೇವೆ. ಆದರೆ ಕವಿತೆಯನ್ನು ಕೊನೆಯವರೆಗೆ ಓದಿದರೆ ಸ್ವಲ್ಪ ತಬ್ಬಿಬ್ಬಾಗುತ್ತದೆ. ಜಗತ್ತಿನ ಜೀವಿಗಳಿಗೆಲ್ಲ ವರ್ಷಕ್ಕೊಂದು ಹೊಸ ಜನ್ಮ, ನಮಗೆ ಮಾತ್ರ ಒಂದೇ ಬಾಲ್ಯ, ಒಂದೇ ಹರೆಯ ಯಾಕೆ ಎಂದು ಕವಿ ಕೇಳುತ್ತಾರೆ. ದಿನಾ ನಿದ್ದೆ ಎಂಬ ಸಣ್ಣ ಸಾವು ಬರುತ್ತದೆ. ಹಾಗಾದರೆ ಎದ್ದಾಗಲೆಲ್ಲ ಹೊಸದಾಗಿ ಹುಟ್ಟಿದ ಹಾಗೆ ನಮಗೇಕೆ ಆಗಬಾರದು ಎನ್ನುತ್ತಾರೆ. ಕೊನೆಗೆ ಯುಗಾದಿಯ ಸಾಲುಗಳು ಮತ್ತೆ ಬರುತ್ತವೆ. ಅವುಗಳ ಬಾಲಕ್ಕೆ ಎರಡೇ ಎರಡು ಪದಗಳ ಒಂದು ಸಾಲು ಅಂಟಿಕೊಂಡಿದೆ: ‘ನಮ್ಮನಷ್ಟೆ ಮರೆತಿದೆ.’

ಹಬ್ಬದ ಹಾಡು ಅಂದುಕೊಂಡದ್ದು ಒಂದು ದೂರು! ನಾವು ಸುಮ್ನೆ ಮೊದಲೆರಡು ಸಾಲು ಹಾಡಿ ಹೋಳಿಗೆ ತಿನ್ನಲು ಎದ್ದು ಹೋಗಿರುತ್ತೇವೆ, ಅಷ್ಟೇ.

ಇದರ ಉಲ್ಟಾ ಕೂಡ ನಡೆಯುತ್ತದೆ. ಉದ್ದಕ್ಕೂ ಬರೀ ನೋವೇ ಇರುವ ಕವಿತೆಯನ್ನು ಓದಿ ಮುಗಿಸಿದಾಗ ಮನಸ್ಸು ಒಂದಿಷ್ಟು ಹಗುರಾಗಿರುತ್ತದೆ. ಅದರಲ್ಲಿ ‘ಎಲ್ಲ ಸರಿಹೋಗುತ್ತದೆ’ ಎಂಬ ಮಾತು ಎಲ್ಲೂ ಇರುವುದಿಲ್ಲ. ದುಃಖದಲ್ಲಿರುವವರಿಗೆ ಬಂದವರೆಲ್ಲ ಆ ಮಾತನ್ನು ಹೇಳುತ್ತಾರೆ, ಅದು ಕಿವಿಯ ಹೊರಗೇ ಉಳಿಯುತ್ತದೆ. ಹೇಳದೇ ಇದ್ದ ಕವಿತೆ ಮಾತ್ರ ಒಳಗೆ ಇಳಿಯುತ್ತದೆ. ಇದು ಹೇಗೆ? ಸಾಮಾನ್ಯವಾಗಿ ನಾವು ಭರವಸೆಯನ್ನು ಕವಿತೆಯ ಸಂದೇಶದಲ್ಲಿ ಹುಡುಕುತ್ತೇವೆ. ನನ್ನ ಪ್ರಕಾರ ಅದು ಅಲ್ಲಿರುವುದು ತೀರ ಕಡಿಮೆ. ಕವಿತೆ ಯಾರ ಜೊತೆ ಮಾತಾಡುತ್ತಿದೆ, ಯಾವ ಪದವನ್ನು ಮತ್ತೆ ಮತ್ತೆ ತರುತ್ತಿದೆ, ಯಾವ ಪ್ರಶ್ನೆ ಕೇಳುತ್ತಿದೆ, ಅಲ್ಲಿ ಹುಡುಕಬೇಕು.

ಮೊದಲು ಒಂದು ಪದದ ಕಥೆ. ಹಳಗನ್ನಡದಲ್ಲಿ ಪಕಾರದಿಂದ ಶುರುವಾಗುತ್ತಿದ್ದ ಎಷ್ಟೋ ಪದಗಳು ಮುಂದೆ ಹಕಾರಕ್ಕೆ ತಿರುಗಿದವು. ಪಾಲು ಹಾಲಾಯಿತು, ಪೂ ಹೂವಾಯಿತು, ಪಕ್ಕಿ ಹಕ್ಕಿಯಾಯಿತು. ಹಾಗೆಯೇ ಪಾಡು ಹಾಡಾಯಿತು. ಆದರೆ ಇನ್ನೊಂದು ಪಾಡು ಪಕಾರದಲ್ಲೇ ಉಳಿದುಕೊಂಡಿತು. ‘ನಮ್ಮ ಪಾಡು ಯಾರಿಗೂ ಬೇಡ’ ಅನ್ನುತ್ತೇವಲ್ಲ, ಆ ಪಾಡು. ನಾಯಿಪಾಡು ಅನ್ನುವಾಗ ಬರುವ ಪಾಡು. ಹೀಗೆ ಒಂದು ಕಾಲದಲ್ಲಿ ಕನ್ನಡದ ಕಿವಿಗೆ ಹಾಡು ಮತ್ತು ಕಷ್ಟ ಎರಡೂ ಒಂದೇ ಸದ್ದಿನಲ್ಲಿ ಕೇಳುತ್ತಿದ್ದವು. ಬೇಂದ್ರೆ ಇದನ್ನು ಹಿಡಿದುಕೊಂಡೇ ‘ಎನ್ನ ಪಾಡೆನಗಿರಲಿ, ಅದರ ಹಾಡನ್ನಷ್ಟೆ ನೀಡುವೆನು ರಸಿಕ ನಿನಗೆ’ ಎಂದರು. ನನ್ನ ಕಷ್ಟ ನನ್ನ ಹತ್ತಿರವೇ ಇರಲಿ, ಅದರಿಂದ ಹುಟ್ಟಿದ ಹಾಡು ಮಾತ್ರ ನಿನಗೆ ಎಂದು. ಸಾಲಿನ ಅರ್ಧ ಕೆಲಸವನ್ನು ಪ ಮತ್ತು ಹ ಸೇರಿ ಮಾಡಿಬಿಟ್ಟಿವೆ.

ಸಂಸ್ಕೃತದಲ್ಲೂ ಇಂಥದೇ ಒಂದು ಜೋಡಿ ಇದೆ, ಶೋಕ ಮತ್ತು ಶ್ಲೋಕ. ಬೇಡನ ಬಾಣಕ್ಕೆ ಬಿದ್ದ ಕ್ರೌಂಚ ಪಕ್ಷಿಯನ್ನು ನೋಡಿ ವಾಲ್ಮೀಕಿಯ ಶೋಕ ಶ್ಲೋಕವಾಯಿತು ಎಂಬ ಕಥೆ ಎಲ್ಲರಿಗೂ ಗೊತ್ತಿದೆ. ಆದರೆ ಭಾವದ ವಿಷಯದಲ್ಲಿ ಇನ್ನೂ ಉಪಯೋಗಕ್ಕೆ ಬರುವ ಒಂದು ಮಾತು ಭರತನ ನಾಟ್ಯಶಾಸ್ತ್ರದಲ್ಲಿದೆ. ಕರುಣ ರಸ ಮತ್ತು ವಿರಹದ ಶೃಂಗಾರ, ಎರಡರಲ್ಲೂ ಅಳು ಇದೆ, ನಿಟ್ಟುಸಿರು ಇದೆ, ನಿದ್ದೆಗೆಟ್ಟ ರಾತ್ರಿಗಳಿವೆ. ಹಾಗಿದ್ದರೆ ಎರಡನ್ನೂ ಬೇರೆ ಮಾಡುವುದು ಯಾವುದು? ಭರತನ ಉತ್ತರ ಚಿಕ್ಕದು. ವಿರಹ ‘ಸಾಪೇಕ್ಷ’, ಅಂದರೆ ಹೋದವರು ಬಂದಾರು ಎಂಬ ನಿರೀಕ್ಷೆ ಅಲ್ಲಿ ಇನ್ನೂ ಉಳಿದಿದೆ. ಕರುಣ ‘ನಿರಪೇಕ್ಷ’, ಅಲ್ಲಿ ಕಾಯುವುದಕ್ಕೆ ಏನೂ ಉಳಿದಿಲ್ಲ.

ಈ ಗೆರೆ ತುಂಬ ಕೆಲಸದ್ದು. ದುಃಖದ ಕವಿತೆಗಳನ್ನೆಲ್ಲ ನಾವು ಒಂದೇ ಗಂಟು ಕಟ್ಟಿಬಿಡುತ್ತೇವೆ. ದೂರ ಹೋದವನಿಗೆ ಕಾಯುವ ಕವಿತೆಯಲ್ಲಿ ಭರವಸೆ ಇರುವುದು ಸಹಜ, ಅದು ಕಥೆಯ ಒಳಗೇ ಇದೆ. ನಿಜವಾದ ಒಗಟು ಇರುವುದು ಎರಡನೆಯದರಲ್ಲಿ. ಮಗು ಸತ್ತಿದೆ. ಅದು ವಾಪಸ್ ಬರುವುದಿಲ್ಲ. ಇಂಥ ಕವಿತೆಗೆ ಭರವಸೆ ಹೊರಗಿನಿಂದ ಬರಬೇಕು, ಇಲ್ಲವೇ ಕವಿತೆ ತಾನೇ ಅದನ್ನು ಹೇಗೋ ಮಾಡಿಕೊಳ್ಳಬೇಕು.

ಮಗು ಸತ್ತ ಕವಿತೆ ಅಂದರೆ ಕನ್ನಡ ಓದುಗರಿಗೆ ತಟ್ಟನೆ ನೆನಪಾಗುವುದು ‘ನೀ ಹೀಂಗ ನೋಡಬ್ಯಾಡ ನನ್ನ’. ಬೇಂದ್ರೆ ಹಲವು ಮಕ್ಕಳನ್ನು ಕಳೆದುಕೊಂಡವರು. ಈ ಕವಿತೆಯಲ್ಲಿ ಕೂಸು ಮಲಗಿದೆ. ತಾಯಿ ಅಳುತ್ತಿಲ್ಲ. ಸುಮ್ಮನೆ ಗಂಡನನ್ನು ನೋಡುತ್ತಿದ್ದಾಳೆ. ಆ ನೋಟವನ್ನು ಅವನಿಂದ ತಡೆದುಕೊಳ್ಳಲು ಆಗುತ್ತಿಲ್ಲ. ನೀನು ಹೀಗೆ ನೋಡಿದರೆ ತಿರುಗಿ ನಾನು ನಿನ್ನನ್ನು ಹೇಗೆ ನೋಡಲಿ ಎಂದು ಕೇಳುತ್ತಾನೆ.

ಇಲ್ಲಿ ಒಂದು ವಿಷಯ ಗಮನಿಸಿ. ಕವಿತೆ ಸಾವಿನ ಬಗ್ಗೆ ಅಲ್ಲ. ಸಾವಿನ ಪಕ್ಕದಲ್ಲಿ ಕೂತ ಇಬ್ಬರ ಬಗ್ಗೆ. ಮೊದಲ ಪದವೇ ‘ನೀ’. ಶೋಕ ಅನ್ನುವುದು ಮನುಷ್ಯನನ್ನು ಒಂಟಿ ಮಾಡುತ್ತದೆ. ಒಂದೇ ಮನೆಯಲ್ಲಿ, ಒಂದೇ ಸಾವಿಗೆ ಅಳುವ ಇಬ್ಬರೂ ಬೇರೆ ಬೇರೆ ಬಾವಿಯೊಳಗೆ ಬಿದ್ದಿರುತ್ತಾರೆ. ಈ ಕವಿತೆ ಒಂದು ಬಾವಿಯಿಂದ ಇನ್ನೊಂದಕ್ಕೆ ಕೂಗುತ್ತಿದೆ. ‘ನೋಡಬ್ಯಾಡ’ ಎಂದರೂ ಅವನು ಅವಳನ್ನು ನೋಡುತ್ತಲೇ ಇದ್ದಾನೆ. ಇಲ್ಲದಿದ್ದರೆ ಅವಳ ಕಣ್ಣು, ಕೆನ್ನೆ, ತುಟಿ ಎಲ್ಲ ಕವಿತೆಯೊಳಗೆ ಹೇಗೆ ಬರುತ್ತಿದ್ದವು? ಬೇಡ ಎನ್ನುವ ಮಾತಿನಲ್ಲೇ ಸಂಬಂಧ ಉಳಿದುಕೊಂಡಿದೆ.

ಎರಡನೆಯ ವಿಷಯ, ಈ ಕವಿತೆ ಸಾವನ್ನು ಮೆತ್ತಗೆ ಮಾಡುವುದಿಲ್ಲ. ಅವಳ ಮುಖವನ್ನು ಕಂಡಾಗ ಅವನಿಗೆ ಹೊಳೆಯುವುದು ‘ಹುಣ್ಣಿವಿ ಚಂದಿರನ ಹೆಣ ಬಂತೊ ಮುಗಿಲಾಗ ತೇಲತಾ ಹಗಲ’. ಹಗಲಿನಲ್ಲಿ ಬಿಳಿಚಿಕೊಂಡ ಚಂದ್ರನನ್ನು ನಾವೆಲ್ಲ ನೋಡಿದ್ದೇವೆ. ಅದನ್ನು ಹೆಣ ಎಂದು ಕರೆಯಲು ಧೈರ್ಯ ಬೇಕು. ಮಗುವಿನ ಸಾವಿನ ಮನೆಯಲ್ಲಿ ಎಲ್ಲರೂ ಬಾಯಿಗೆ ತರಲು ಹೆದರುವ ಪದ ಅದು. ಕವಿತೆ ಅದನ್ನು ಆಡಿಬಿಟ್ಟಿತು. ಆಡಿದ ಮೇಲೆ ಒಂದು ಬಿಗಿತ ಸಡಿಲಾಗುತ್ತದೆ.

ಮೂರನೆಯದು ಕೊನೆಯ ಸಾಲುಗಳು. ಅಲ್ಲಿ ಏನಿದೆ? ಧೈರ್ಯ ತಂದುಕೋ ಎಂದಿದೆಯೇ? ಮುಂದೆ ಒಳ್ಳೆಯದಾಗುತ್ತದೆ ಎಂದಿದೆಯೇ? ಇಲ್ಲ. ‘ಅತ್ತಾರೆ ಅತ್ತುಬಿಡು, ಹೊನಲು ಬರಲಿ’ ಎಂದಿದೆ. ನಕ್ಕು ದುಃಖವನ್ನು ಯಾಕೆ ಮರೆಸುತ್ತೀ, ತುಟಿ ಕಚ್ಚಿ ಬಿಕ್ಕನ್ನು ಹಿಡಿಯಬೇಡ ಎಂದಿದೆ. ತುಟಿ ಕಚ್ಚಿ ಹಿಡಿಯುವುದನ್ನೇ ನಾವು ಗಟ್ಟಿತನ ಅಂದುಕೊಂಡಿದ್ದೇವೆ, ಅಲ್ವಾ? ‘ಅವಳು ಎಷ್ಟು ಗಟ್ಟಿ ನೋಡಿ, ಒಂದು ಹನಿ ಕಣ್ಣೀರು ಹಾಕಲಿಲ್ಲ’ ಅನ್ನುತ್ತೇವೆ. ಈ ಕವಿತೆ ಅದನ್ನು ತಲೆಕೆಳಗು ಮಾಡುತ್ತದೆ. ಹನಿ ಒಡೆಯಲು ಬಂದ ಮೋಡವನ್ನು ಗಾಳಿ ತಡೆದ ಹಾಗೆ ನಿನ್ನ ನಗು ಎನ್ನುತ್ತದೆ. ಮೋಡ ಸುರಿದರೇ ಅದು ಮುಂದೆ ಹೋಗುವುದು. ಇಲ್ಲಿ ಭರವಸೆ ಬೆಳಕಿನ ರೂಪದಲ್ಲಿಲ್ಲ. ಅಳುವುದಕ್ಕೆ ಸಿಕ್ಕ ಅನುಮತಿಯ ರೂಪದಲ್ಲಿದೆ.

ಇಷ್ಟು ಹೇಳಿದ ಮೇಲೆ ಇನ್ನೂ ಕಠಿಣವಾದ ಉದಾಹರಣೆಗೆ ಹೋಗಬೇಕು. ಬೇಂದ್ರೆಯವರಲ್ಲಿ ಮಾತಾಡಲು ಇಬ್ಬರಾದರೂ ಇದ್ದರು. ‘ಕೆರೆಗೆ ಹಾರ’ ಎಂಬ ಜನಪದ ಕಥನಗೀತೆಯಲ್ಲಿ ಅದೂ ಇಲ್ಲ.

ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸುತ್ತಾನೆ. ಒಂದು ಹನಿ ನೀರು ಬರುವುದಿಲ್ಲ. ಶಾಸ್ತ್ರ ಕೇಳಿದರೆ ಸೊಸೆಯನ್ನು ಆಹಾರ ಕೊಡಬೇಕು ಎನ್ನುತ್ತಾರೆ. ಹಿರಿಯ ಸೊಸೆಯನ್ನು ಕೊಟ್ಟರೆ ಮನೆಗೆ ಹಿರಿತನ ಮಾಡುವವರಿಲ್ಲ. ಹಾಗಾಗಿ ಕಿರಿಯ ಸೊಸೆ ಭಾಗೀರತಿಯ ಪಾಲಿಗೆ ಅದು ಬರುತ್ತದೆ. ಅವಳ ಗಂಡ ಮಾದೇವರಾಯ ದಂಡಿನಲ್ಲಿದ್ದಾನೆ. ಸುದ್ದಿ ತಿಳಿದ ಅವಳು ತವರಿಗೆ ಓಡುತ್ತಾಳೆ. ಯಾಕೆ ಬಂದೆ, ಕಣ್ಣಲ್ಲಿ ನೀರೇಕೆ ಎಂದು ಅಪ್ಪ ಕೇಳಿದರೆ ನಿಜ ಹೇಳುವುದಿಲ್ಲ. ಅತ್ತೆ ಮಾವ ಬೇರೆ ಇಡುತ್ತಾರಂತೆ ಎಂದು ಸುಳ್ಳು ಹೇಳುತ್ತಾಳೆ. ಇಟ್ಟರೆ ಇಡಲಿ, ಹೊಲಮನೆ ಕೊಡುತ್ತೇನೆ ಎಂದು ಅಪ್ಪ ಸಮಾಧಾನ ಮಾಡುತ್ತಾನೆ. ತವರಿನವರ ಸಮಾಧಾನ ಒಂದೂ ಅವಳಿಗೆ ನಾಟುವುದಿಲ್ಲ. ಅವರಿಗೆ ಕಷ್ಟವೇ ಗೊತ್ತಿಲ್ಲ, ಸಮಾಧಾನ ಹೇಗೆ ನಾಟೀತು! ಕೊನೆಗೆ ಗೆಳತಿಯ ಹತ್ತಿರ ಮಾತ್ರ ನಿಜ ಹೇಳುತ್ತಾಳೆ. ಗೆಳತಿ ಕೊಡುವ ಉತ್ತರ ಎದೆ ಕೊರೆಯುವಂಥದ್ದು: ಕೊಟ್ಟರೆ ಕೊಡಲಿ, ಇಟ್ಟ ಹಾಗೆ ಇರಬೇಕು.

ಭಾಗೀರತಿ ಹಿಂದಿರುಗುತ್ತಾಳೆ. ಎಲ್ಲರೂ ಕೆರೆಗೆ ಹೋಗಿ ಪೂಜೆ ಮಾಡುತ್ತಾರೆ. ಬಂಗಾರದ ಬಟ್ಟಲು ಮರೆತು ಬಂದೆವು ಎಂಬ ನೆಪ ಹುಟ್ಟುತ್ತದೆ. ಅದನ್ನು ತರಲು ಬೇರೆ ಯಾರೂ ಹೋಗುವುದಿಲ್ಲ, ಅವಳೇ ಹೋಗುತ್ತಾಳೆ. ಒಂದೊಂದು ಮೆಟ್ಟಿಲಿಗೂ ನೀರು ಏರುತ್ತದೆ. ಪಾದ, ಮೊಣಕಾಲು, ನಡು. ಹಾಡು ಇಲ್ಲಿ ಅವಸರ ಮಾಡುವುದಿಲ್ಲ. ಮೆಟ್ಟಿಲುಗಳನ್ನು ಎಣಿಸುತ್ತದೆ. ಕೆರೆ ತುಂಬುತ್ತದೆ, ಅವಳು ಕೆರೆಗೆ ಹಾರವಾಗುತ್ತಾಳೆ. ಕೆಟ್ಟ ಕನಸು ಕಂಡ ಗಂಡ ಕುದುರೆ ಏರಿ ಬರುತ್ತಾನೆ. ಮನೆಯವರೂ ಅವನಿಗೆ ಸುಳ್ಳೇ ಹೇಳುತ್ತಾರೆ. ನಿಜ ತಿಳಿದಾಗ ಅವನೂ ಅದೇ ಕೆರೆಗೆ ಹಾರುತ್ತಾನೆ.

ಭರತನ ಅಳತೆಯಲ್ಲಿ ಇದು ಪೂರ್ತಿ ನಿರಪೇಕ್ಷ. ಒಂದು ಬಿರುಕಿನಿಂದಲೂ ಬೆಳಕು ಬರುವುದಿಲ್ಲ. ಈ ಹಾಡನ್ನು ತ್ಯಾಗದ ಹಿರಿಮೆ ಎಂದು ಓದಿಸುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಹಾಡಿನ ಒಲವು ಕೆರೆಯ ಕಡೆ ಇದ್ದಿದ್ದರೆ ಗಂಡನನ್ನು ಕರೆತಂದು ಆ ನೀರಿಗೇ ಯಾಕೆ ಬೀಳಿಸುತ್ತಿತ್ತು? ಊರಿಗೆ ನೀರು ಸಿಕ್ಕಿತು ಎಂಬ ಸಂತೋಷವನ್ನು ಹಾಡು ಒಂದು ಗಳಿಗೆಯೂ ಉಳಿಸಿಲ್ಲ. ಆ ನೀರು ಕುಡಿದವರ ಗಂಟಲಲ್ಲಿ ಅದು ಮುಳ್ಳಾಗಿ ಸಿಕ್ಕಿಕೊಳ್ಳಬೇಕು ಎಂಬುದೇ ಅದರ ಆಸೆಯಿದ್ದಂತಿದೆ.

ಹಾಗಾದರೆ ಇಷ್ಟು ತಲೆಮಾರುಗಳ ಹೆಣ್ಣುಮಕ್ಕಳು ಇದನ್ನು ಯಾಕೆ ಹಾಡಿಕೊಂಡು ಬಂದರು? ಅವರಿಗೂ ಅತ್ತೆಮನೆ ಇತ್ತು. ಅವರಿಗೂ ‘ಇಟ್ಟ ಹಾಗೆ ಇರಬೇಕು’ ಎಂದು ಹೇಳಿದವರಿದ್ದರು. ತವರಿಗೆ ಹೋದಾಗ ನಿಜ ಹೇಳದೆ ನುಂಗಿಕೊಂಡದ್ದು ಅವರಿಗೂ ಗೊತ್ತಿತ್ತು. ಭಾಗೀರತಿ ಅಪ್ಪನಿಗೆ ಹೇಳಲಾಗದ್ದನ್ನು ಹಾಡು ಊರಿಗೆಲ್ಲ ಹೇಳುತ್ತದೆ. ಕಥೆಯ ಒಳಗೆ ಅವಳು ಒಂಟಿ. ಹಾಡುವ ಹೊತ್ತಿಗೆ ಅವಳ ಸುತ್ತ ಹತ್ತು ಜನ ಕೂತಿರುತ್ತಾರೆ. ಇಲ್ಲಿ ಭರವಸೆ ಕವಿತೆಯ ಒಳಗಿಲ್ಲ, ಹಾಡುವವರ ನಡುವೆ ಇದೆ. ಪುಸ್ತಕದಲ್ಲಿ ಓದುವಾಗ ಈ ಭಾಗ ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಆ ಗೆಳತಿಯ ಮಾತು ನನ್ನನ್ನು ಬಿಡುವುದಿಲ್ಲ. ಇಟ್ಟ ಹಾಗೆ ಇರಬೇಕು, ಅಂದರೆ ತಾಳಿಕೋ ಎಂದು. ‘ತಾಳು’ ಕನ್ನಡದ ವಿಚಿತ್ರ ಪದ. ಅದಕ್ಕೆ ಸಹಿಸು ಎಂಬ ಅರ್ಥವಿದೆ. ‘ಸ್ವಲ್ಪ ತಾಳಪ್ಪ, ಬಂದೆ’ ಅನ್ನುವಾಗ ಕಾಯಿ ಎಂಬ ಅರ್ಥವೂ ಇದೆ. ಸಹನೆ ಮತ್ತು ನಿರೀಕ್ಷೆ ಎರಡೂ ಒಂದೇ ಪದದಲ್ಲಿ ಕೂತಿವೆ. ಕಾಯುವುದಕ್ಕೆ ಏನೋ ಇದೆ ಎಂದಾದರೆ ಮಾತ್ರ ತಾಳಲು ಸಾಧ್ಯ. ಏನೂ ಇಲ್ಲದೆ ತಾಳುವುದಕ್ಕೆ ಬೇರೆ ಹೆಸರಿದೆ, ನರಳುವುದು.

ಕನಕದಾಸರ ‘ತಲ್ಲಣಿಸದಿರು ಕಂಡ್ಯ ತಾಳು ಮನವೆ’ ಕೀರ್ತನೆಯಲ್ಲಿ ಈ ಎರಡೂ ಅರ್ಥ ಕೆಲಸ ಮಾಡುತ್ತವೆ. ಮೇಲುನೋಟಕ್ಕೆ ಇದು ನೇರ ಸಮಾಧಾನ. ದೇವರು ಎಲ್ಲರನ್ನೂ ಸಲಹುತ್ತಾನೆ, ಹೆದರಬೇಡ ಎಂದು. ಆದರೆ ಇಷ್ಟು ಕಾಲ ಇದು ಉಳಿದಿರುವುದು ಆ ಭರವಸೆಯ ಮಾತಿನಿಂದ ಮಾತ್ರ ಅಲ್ಲ. ಮೊದಲನೆಯದಾಗಿ, ಇದು ಬೇರೆಯವರಿಗೆ ಮಾಡುವ ಉಪದೇಶವಲ್ಲ. ಕವಿ ತನ್ನ ಮನಸ್ಸಿಗೇ ಹೇಳಿಕೊಳ್ಳುತ್ತಿದ್ದಾನೆ. ತಲ್ಲಣಿಸುತ್ತಿರುವವನೂ ಅವನೇ, ಬೆನ್ನು ಸವರುವವನೂ ಅವನೇ. ಎರಡನೆಯದಾಗಿ, ಮುಂದೆ ಪ್ರಶ್ನೆಯ ಮೇಲೆ ಪ್ರಶ್ನೆ ಬರುತ್ತದೆ. ಬೆಟ್ಟದ ತುದಿಯಲ್ಲಿ ಹುಟ್ಟಿದ ಮರಕ್ಕೆ ಕಟ್ಟೆ ಕಟ್ಟಿ ನೀರೆರೆದವರು ಯಾರು? ಕಲ್ಲಿನೊಳಗೆ ಹುಟ್ಟಿ ಕೂಗುವ ಕಪ್ಪೆಗೆ ಆಹಾರ ಕೊಟ್ಟವರು ಯಾರು? ‘ದೇವರಿದ್ದಾನೆ’ ಎಂದು ಹೇಳಿದರೆ ಒಪ್ಪುವುದು ಬಿಡುವುದು ನಮಗೆ ಬಿಟ್ಟದ್ದು. ‘ನೀರೆರೆದವರು ಯಾರು’ ಎಂದು ಕೇಳಿದರೆ ಒಂದು ಕ್ಷಣ ನಾವು ಆ ಬೆಟ್ಟ ಹತ್ತಿ ಮರವನ್ನು ನೋಡಿಬರಬೇಕಾಗುತ್ತದೆ. ಆ ಒಂದು ಕ್ಷಣ ತಲ್ಲಣ ಮರೆತಿರುತ್ತದೆ. ದೇವರನ್ನು ನಂಬದ ಓದುಗನಿಗೂ ಆ ಮರ ಸಿಗುತ್ತದೆ.

ಪ್ರಶ್ನೆಯ ಈ ಉಪಾಯ ಕನಕದಾಸರಿಗಿಂತ ಹಳೆಯದು. ಹನ್ನೆರಡನೆಯ ಶತಮಾನದ ಅಕ್ಕಮಹಾದೇವಿಯ ‘ಬೆಟ್ಟದ ಮೇಲೊಂದು ಮನೆಯ ಮಾಡಿ’ ವಚನ ನೆನಪಿಸಿಕೊಳ್ಳಿ. ಬೆಟ್ಟದ ಮೇಲೆ ಮನೆ ಮಾಡಿ ಮೃಗಗಳಿಗೆ ಹೆದರಿದರೆ ಹೇಗೆ, ಸಮುದ್ರದ ದಡದಲ್ಲಿ ಮನೆ ಮಾಡಿ ನೊರೆತೆರೆಗೆ ಹೆದರಿದರೆ ಹೇಗೆ, ಸಂತೆಯೊಳಗೆ ಮನೆ ಮಾಡಿ ಸದ್ದಿಗೆ ನಾಚಿದರೆ ಹೇಗೆ? ಮೂರು ಪ್ರಶ್ನೆ, ಮೂರೂ ಸಲ ‘ಅಯ್ಯಾ’. ಆಮೇಲೆ ಬರುತ್ತದೆ ಲೋಕದಲ್ಲಿ ಹುಟ್ಟಿದ ಮೇಲೆ ಸಮಾಧಾನಿಯಾಗಿರಬೇಕು ಎಂಬ ಮಾತು. ಆ ಕೊನೆಯ ಮಾತನ್ನು ಮಾತ್ರ ಕತ್ತರಿಸಿ ಇಟ್ಟರೆ ಅದು ಗೋಡೆಗೆ ತೂಗುಹಾಕುವ ಬುದ್ಧಿಮಾತು. ಮೂರು ಮನೆ ಕಟ್ಟಿ, ಮೂರರಲ್ಲೂ ಹೆದರಿ, ಆಮೇಲೆ ಬಂದಾಗ ಅದಕ್ಕೆ ಬೇರೆಯದೇ ತೂಕ. ಜೊತೆಗೆ ಸ್ವಲ್ಪ ತುಂಟತನವೂ ಇದೆ ಅನ್ನಿಸುತ್ತದೆ ನನಗೆ. ಸಂತೆಯಲ್ಲಿ ಮನೆ ಮಾಡಿ ಸದ್ದು ಅಂತ ಗೊಣಗುವವನನ್ನು ಕಲ್ಪಿಸಿಕೊಂಡರೆ ನಗು ಬರದೇ ಇರದು.

ಆದರೆ ‘ತಾಳು’ ಎಂದು ಯಾರು ಯಾರಿಗೆ ಹೇಳುತ್ತಿದ್ದಾರೆ ಎಂಬುದನ್ನು ನೋಡದೆ ಈ ಪದವನ್ನು ಹೊಗಳುವುದು ಅಪಾಯ. ತನ್ನ ಮನಸ್ಸಿಗೆ ತಾನೇ ಹೇಳಿಕೊಂಡರೆ ಅದು ಧೈರ್ಯ. ಹೊಡೆಯುವವನು ಹೊಡೆಸಿಕೊಳ್ಳುವವನಿಗೆ ಹೇಳಿದರೆ ಅದು ಮೋಸ. ದುಃಖಗಳಲ್ಲಿ ಎರಡು ಬಗೆ. ಸಾವು, ಮುಪ್ಪು, ಅಗಲಿಕೆ ಒಂದು ಬಗೆ, ಅವನ್ನು ಯಾರೂ ತಂದು ಹಾಕಿದ್ದಲ್ಲ. ಹಸಿವು, ಅವಮಾನ, ಜಾತಿಯ ಕ್ರೌರ್ಯ ಇನ್ನೊಂದು ಬಗೆ, ಅವನ್ನು ಮನುಷ್ಯರೇ ತಂದು ಹಾಕಿದ್ದು. ಎರಡನೆಯ ಬಗೆಯ ದುಃಖಕ್ಕೆ ತಾಳ್ಮೆಯ ಕವಿತೆ ಸಾಲುವುದಿಲ್ಲ.

ಸಿದ್ಧಲಿಂಗಯ್ಯನವರ ಮೊದಲ ಸಂಕಲನ ‘ಹೊಲೆಮಾದಿಗರ ಹಾಡು’ 1975ರಲ್ಲಿ ಬಂದಾಗ ಕನ್ನಡಕ್ಕೆ ಸಿಕ್ಕಿದ್ದು ಈ ಇನ್ನೊಂದು ದನಿ. ಅವರ ‘ನನ್ನ ಜನಗಳು’ ಕವಿತೆಯನ್ನು ನೋಡಿ. ಹಸಿವಿನಿಂದ ಸತ್ತವರು, ಕಲ್ಲು ಹೊತ್ತವರು, ಒದೆಸಿಕೊಂಡು ಒರಗಿದವರು ಅಂತ ಪಟ್ಟಿ ಬೆಳೆಯುತ್ತ ಹೋಗುತ್ತದೆ. ‘ಆದರೂ ನಾಳೆ’ ಅಂತ ಎಲ್ಲೂ ತಿರುವಿ ಸಮಾಧಾನ ಹೇಳುವುದಿಲ್ಲ. ಆದರೆ ಪಟ್ಟಿಯ ತುದಿಗೆ ಮತ್ತೆ ಮತ್ತೆ ‘ನನ್ನ ಜನಗಳು’ ಬರುತ್ತದೆ. ‘ನನ್ನ’ ಎಂಬ ಆ ಎರಡಕ್ಷರದಲ್ಲೇ ಎಲ್ಲ ಇದೆ. ಯಾರೂ ತಮ್ಮವರು ಎಂದು ಹೇಳಿಕೊಳ್ಳದಿದ್ದವರನ್ನು ಒಬ್ಬ ಕವಿ ಎದ್ದು ನಿಂತು ನನ್ನವರು ಎನ್ನುತ್ತಾನೆ. ಮೊದಲ ಸಲ ಅದು ಅಳುವಿನ ಹಾಗೆ ಕೇಳುತ್ತದೆ. ಮತ್ತೆ ಮತ್ತೆ ಬಂದಾಗ ಸವಾಲಿನ ಹಾಗೆ ಕೇಳುತ್ತದೆ. ಪದ ಬದಲಾಗಿಲ್ಲ, ಕೇಳುವವನ ಬೆನ್ನು ನೆಟ್ಟಗಾಗಿದೆ. ಗುಂಪಿನಲ್ಲಿ ಹಾಡಿದರೆ ಇನ್ನೂ ಜಾಸ್ತಿ. ಪಲ್ಲವಿಯ ಶಕ್ತಿ ಅಂದರೆ ಇದೇ. ಸಾಲು ಮರಳಿ ಬಂದಾಗಲೆಲ್ಲ ಅದನ್ನು ಕೇಳುತ್ತಿರುವ ನಾವು ಸ್ವಲ್ಪ ಬೇರೆಯಾಗಿರುತ್ತೇವೆ.

ಭರವಸೆಯ ಗಾತ್ರದ ಬಗ್ಗೆಯೂ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಬಿ.ಎಂ.ಶ್ರೀ ಕನ್ನಡಕ್ಕೆ ತಂದ ‘ಕರುಣಾಳು ಬಾ ಬೆಳಕೆ’ ಎಲ್ಲರಿಗೂ ಗೊತ್ತು. ಮೂಲವನ್ನು ಬರೆದ ಇಂಗ್ಲೆಂಡಿನ ಪಾದ್ರಿ ನ್ಯೂಮನ್ 1833ರಲ್ಲಿ ಸಿಸಿಲಿಯಲ್ಲಿ ಜ್ವರದಿಂದ ನರಳಿ, ಊರಿಗೆ ಮರಳುವಾಗ ಗಾಳಿಯಿಲ್ಲದೆ ಸಮುದ್ರದ ನಡುವೆ ನಿಂತುಹೋದ ಹಡಗಿನಲ್ಲಿದ್ದ. ಆ ಕವಿತೆಯಲ್ಲಿ ಅವನು ಬೇಡುವುದು ಎಷ್ಟು? ‘ಬಲುದೂರ ನೋಟವನು ಕೇಳಿದೊಡನೆಯೆ? ಸಾಕು ನನಗೊಂದು ಹೆಜ್ಜೆ.’ ದೂರದ ದಡ ಕಾಣಿಸು ಎಂದು ಅವನು ಕೇಳುವುದಿಲ್ಲ. ಒಂದು ಹೆಜ್ಜೆಗೆ ಬೇಕಾದಷ್ಟು ಬೆಳಕು ಸಾಕು. ದುಃಖದಲ್ಲಿರುವ ಮನುಷ್ಯ ನಂಬಬಹುದಾದ ಗಾತ್ರ ಅಷ್ಟೇ. ಅದಕ್ಕಿಂತ ದೊಡ್ಡದ್ದನ್ನು ಕೊಟ್ಟರೆ ಅವನು ಕೈ ಹಿಂದೆ ತೆಗೆದುಕೊಳ್ಳುತ್ತಾನೆ.

ಸುಳ್ಳು ಭರವಸೆಯನ್ನು ಗುರುತಿಸುವುದೂ ಹೀಗೆಯೇ. ಈಗಷ್ಟೇ ನಾನು ಹೊಸೆದ ಎರಡು ಸಾಲು ನೋಡಿ:

ಕತ್ತಲು ಕಳೆದು ಬೆಳಕದು ಬರುವುದು,
ನೋವಿನ ಆಚೆಗೆ ನಲಿವೇ ಇರುವುದು.

ಪ್ರಾಸ ಇದೆ, ಲಯ ಇದೆ, ಯಾರಿಗೂ ತಕರಾರಿಲ್ಲ. ಆದರೆ ಇದು ಯಾರ ನೋವು? ಯಾವ ಕತ್ತಲು? ಪರೀಕ್ಷೆಯಲ್ಲಿ ಫೇಲಾದವರಿಗೂ ಹೆಂಡತಿ ಸತ್ತವರಿಗೂ ಇದೇ ಸಾಲು ಹೊಂದುತ್ತದೆ. ಅಂದರೆ ಇಬ್ಬರಿಗೂ ಹೊಂದುವುದಿಲ್ಲ. ಈಗ ಇದನ್ನು ನೋಡಿ:

ನಿನ್ನ ಚಪ್ಪಲಿ ಇನ್ನೂ ಬಾಗಿಲಲ್ಲೇ ಇದೆ.
ಇವತ್ತು ಅದರ ಧೂಳು ಒರೆಸಿದೆ.

ಇದೂ ಮಹಾ ಕವಿತೆಯೇನಲ್ಲ. ಆದರೆ ಇಲ್ಲಿ ಒಂದು ವಸ್ತುವಿದೆ. ‘ನಿನ್ನ’ ಎಂದು ಕರೆಯಿಸಿಕೊಳ್ಳುವ ಒಬ್ಬರಿದ್ದಾರೆ. ಚಪ್ಪಲಿಯನ್ನು ಒಳಗೆ ಎತ್ತಿಡಲು ಇನ್ನೂ ಮನಸ್ಸು ಬಂದಿಲ್ಲ, ಅದು ದುಃಖ. ಆದರೆ ಇವತ್ತು ಬಗ್ಗಿ ಒರೆಸುವಷ್ಟು ಕೈ ಆಡಿತು. ಭರವಸೆ ಎಂಬ ಪದ ಇಲ್ಲದೆಯೇ ‘ಒರೆಸಿದೆ’ ಎಂಬ ಕ್ರಿಯಾಪದದೊಳಗೆ ಅದು ಬಂದು ಕೂತಿದೆ. ದುಃಖದ ಕವಿತೆ ಬರೆಯುವ ಹೊಸಬರು ಸಾಮಾನ್ಯವಾಗಿ ಹೆಸರುಪದಗಳನ್ನು ಜಾಸ್ತಿ ನಂಬುತ್ತಾರೆ: ನೋವು, ಬೆಳಕು, ಕನಸು, ನಾಳೆ. ಕೆಲಸ ಮಾಡುವುದು ಕ್ರಿಯಾಪದ. ಯಾರೋ ಏನೋ ಮಾಡಬೇಕು. ಮಾಡುವುದು ಒಲೆ ಹಚ್ಚುವಷ್ಟು ಚಿಕ್ಕದಾದರೂ ಪರವಾಗಿಲ್ಲ.

ಇನ್ನೊಂದು ಅನುಮಾನದ ಜಾಗ, ಕೊನೆಯ ಎರಡು ಸಾಲಿನಲ್ಲಿ ಬರುವ ‘ಆದರೂ’. ಹದಿನೆಂಟು ಸಾಲು ಅತ್ತು, ಹತ್ತೊಂಬತ್ತನೆಯದರಲ್ಲಿ ‘ಆದರೂ ಸೂರ್ಯ ಹುಟ್ಟುತ್ತಾನೆ’ ಎಂದರೆ ಅದು ಹೊರಡುವ ಅವಸರದಲ್ಲಿ ಹೇಳಿದ ಮಾತಿನಂತೆ ಕೇಳುತ್ತದೆ. ಸಾವಿನ ಮನೆಗೆ ಬಂದವರು ಎದ್ದು ಹೋಗುವಾಗ ಏನಾದರೂ ಹೇಳಲೇಬೇಕಲ್ಲ ಎಂದು ಹೇಳುವ ಹಾಗೆ.

ಕವಿತೆ ಓದಿದರೆ, ಬರೆದರೆ ನೋವು ವಾಸಿಯಾಗುತ್ತದೆಯೇ ಎಂದು ಕೆಲವರು ಕೇಳುತ್ತಾರೆ. ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಪೆನ್ನಿಬೇಕರ್ ಮತ್ತು ಸಾಂಡ್ರಾ ಬೀಲ್ 1986ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಈ ಚರ್ಚೆಯಲ್ಲಿ ಪದೇ ಪದೇ ಬರುತ್ತದೆ. ಕಾಲೇಜು ವಿದ್ಯಾರ್ಥಿಗಳು ತಮ್ಮ ಬದುಕಿನ ಕಹಿ ಘಟನೆಯ ಬಗ್ಗೆ ನಾಲ್ಕು ದಿನ, ದಿನಕ್ಕೆ 15 ನಿಮಿಷ ಬರೆದರು. ನಡೆದದ್ದು ಮತ್ತು ಅನ್ನಿಸಿದ್ದು ಎರಡನ್ನೂ ಬರೆದವರು ಮುಂದಿನ ತಿಂಗಳುಗಳಲ್ಲಿ ವೈದ್ಯರ ಬಳಿಗೆ ಹೋಗುವುದು ಕಡಿಮೆಯಾಗಿತ್ತು. ಆದರೆ ಬರೆದು ಎದ್ದ ಕೂಡಲೇ ಅವರ ಮನಸ್ಸು ಇನ್ನಷ್ಟು ಭಾರವಾಗಿತ್ತು. ಈ ಎರಡನೆಯ ಸಂಗತಿಯೇ ನನಗೆ ಮುಖ್ಯ ಅನ್ನಿಸುತ್ತದೆ. ಅವರು ಬರೆದದ್ದು ಗದ್ಯ, ಕವಿತೆಯಲ್ಲ, ಅದೂ ನಿಜ. ಕವಿತೆಯನ್ನು ಮಾತ್ರೆಯ ಹಾಗೆ ಕೊಡಲು ಬರುವುದಿಲ್ಲ. ಬದುಕೇ ಬೇಡ ಅನ್ನಿಸುತ್ತಿರುವವರಿಗೆ ಮೊದಲು ಬೇಕಾದದ್ದು ಪಕ್ಕದಲ್ಲಿ ಕೂರುವ ಮನುಷ್ಯರು ಮತ್ತು ವೈದ್ಯರು.

ಕೊನೆಗೆ ಬೀಸುವ ಕಲ್ಲಿನ ಹತ್ತಿರ ಹೋಗೋಣ. ಹಲಸಂಗಿಯ ಗೆಳೆಯರು ಸಂಗ್ರಹಿಸಿ 1931ರಲ್ಲಿ ಹೊರತಂದ ‘ಗರತಿಯ ಹಾಡು’ ತ್ರಿಪದಿಗಳ ಗಣಿ. ನಸುಕಿನಲ್ಲಿ ಎದ್ದು ಬೀಸುತ್ತಾ ಹೆಂಗಸರು ಹಾಡುತ್ತಿದ್ದ ಪದಗಳು ಇವು. ತವರಿನ ನೆನಪು, ಸತ್ತ ತಾಯಿ, ಹುಟ್ಟದ ಮಗು, ಗಂಡನ ಸಿಟ್ಟು, ಅಣ್ಣನ ಉದಾಸೀನ ಎಲ್ಲ ಇಲ್ಲಿ ಬರುತ್ತವೆ. ತ್ರಿಪದಿ ಅಂದರೆ ಮೂರೇ ಸಾಲು. ಆದರೆ ಹಾಡುವಾಗ ನೇರವಾಗಿ ಮೂರನೆಯದಕ್ಕೆ ಹೋಗುವುದಿಲ್ಲ. ಎರಡನೆಯ ಸಾಲನ್ನು ಹಾಡಿ, ಅದರದೇ ಭಾಗವನ್ನು ಮತ್ತೊಮ್ಮೆ ಹಿಡಿದು, ಆಮೇಲೆ ಕೊನೆಯ ಸಾಲಿಗೆ ಇಳಿಯುತ್ತಾರೆ. ಹೇಳಬೇಕಾದ ಕಷ್ಟದ ಮಾತು ಆ ಕೊನೆಯ ಸಾಲಿನಲ್ಲಿರುತ್ತದೆ. ಅದಕ್ಕೆ ಮುಂಚೆ ಒಂದು ಸುತ್ತು ಜಾಸ್ತಿ, ಉಸಿರು ತೆಗೆದುಕೊಳ್ಳುವಷ್ಟು. ಕೈಯೊಳಗಿನ ಗೂಟವೂ ಅಷ್ಟು ಹೊತ್ತಿಗೆ ಒಂದು ಸುತ್ತು ಬಂದಿರುತ್ತದೆ.

ಎದುರಿಗೆ ಇನ್ನೊಬ್ಬಳು ಕೂತಿದ್ದರೆ ಅವಳೂ ಅದೇ ಗೂಟ ಹಿಡಿದಿರುತ್ತಾಳೆ. ಇವಳ ದನಿ ಕಟ್ಟಿದರೆ ಅವಳು ಎತ್ತಿಕೊಳ್ಳುತ್ತಾಳೆ. ಹಾಡು ನಿಲ್ಲುವುದಿಲ್ಲ, ಕಲ್ಲೂ ನಿಲ್ಲುವುದಿಲ್ಲ. ಬೆಳಕು ಹರಿಯುವ ಹೊತ್ತಿಗೆ ತವರು ಅಷ್ಟೇ ದೂರ ಇರುತ್ತದೆ, ಗಂಡ ಹಾಗೇ ಇರುತ್ತಾನೆ. ಹಿಟ್ಟು ಮಾತ್ರ ಕಲ್ಲಿನ ಸುತ್ತ ಬಿದ್ದಿರುತ್ತದೆ, ಇನ್ನೂ ಬೆಚ್ಚಗೆ.